ಊಟವಾದ ಮೇಲೆ ಒಂದು ಗುಳಿಗೆ

ನನ್ನ ತಮ್ಮ ಗುರುಸಿದ್ಧ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬರುವುದು ಎರಡು ತಿಂಗಳಿಗೊಮ್ಮೆ, ಅದೂ ಚಾದರದ ಗಂಟು ಇಳಿಸಲಿಕ್ಕೆ. ಇಲ್ಲಿನ ಸ್ವಾಮಿಯ ಗುಡಿಗೆ ಬರುವವರು ಇಳಿದುಕೊಳ್ಳುವ, ನಾನು ಕೆಲಸ ಮಾಡುವ ಯಾತ್ರಿ ನಿವಾಸಕ್ಕೆ ಚಾದರ, ಟಾವೆಲ್ ಎಲ್ಲ ನಮ್ಮ ಅಂಗಡಿಯಿಂದಲೇ ಬರುತ್ತವೆ. ಗಂಟು ಇಳಿಸಿ, "ಆರಾಮ?" ಎಂದು ಕೇಳಿ, ನಾನು "ಆರಾಮ" ಎನ್ನುವಷ್ಟರಲ್ಲಿ ಅವನು ಗಾಡಿ ತಿರುಗಿಸಿರುತ್ತಾನೆ. ಆ ಮಂಗಳವಾರ ಮಾತ್ರ ಗಂಟಿಲ್ಲದೆ ಬಂದ. ನನ್ನ ಖೋಲಿಯಲ್ಲಿ ಚಾಪೆಯ ಮೇಲೆ ಕೂತು ಚಹಾ ಕುಡಿದ. ಖಾಲಿ ಲೋಟವನ್ನು ತಾನೇ ತೊಳೆದಿಟ್ಟ. ಏನೋ ದೊಡ್ಡದು ಕೇಳಲಿಕ್ಕೆ ಬಂದಿದ್ದಾನೆ ಎಂದು ಆಗಲೇ ತಿಳಿಯಿತು.

"ಶೀತಲಗ ಸ್ಥಳ ಬಂದದ," ಎಂದ. ಶೀತಲ ಅವನ ಒಬ್ಬಳೇ ಮಗಳು; ಸ್ಥಳ ಎಂದರೆ ನಮ್ಮಲ್ಲಿ ಗಂಡಿನ ಕಡೆಯ ಸಂಬಂಧ. "ಮಾರ್ಕೆಟ್ ಯಾರ್ಡದಾಗ ಬೇಳಿ ವ್ಯಾಪಾರ ಅದ ಅವರದು. ಶಾಂತಲಿಂಗಪ್ಪ ಅಂತ. ಹುಡುಗ ಶೈಲೇಶ, ಅಪ್ಪನ ಜೋಡಿನೇ ದಂಧೆ ನೋಡತಾನ. ಏಕದಂ ಚೊಲೋ ಮಂದಿ."

"ಆಗ್ಲಿ. ಮಾಡ್ರಿ."

"ಹುಡುಗಿ ದೊಡ್ಡಪ್ಪ ಎಲ್ಲಿ ಇರತಾರ ಅಂತ ಕೇಳಿದ್ರು. ಅಕ್ಕಲಕೋಟದಾಗ ಗುಡಿ ಸೇವಾದಾಗ ಅದಾರ ಅಂದೆ. ಬಾಳ ಖುಷಿ ಆದ್ರು. ಅವರೂ ಗುರುವಾರಕ್ಕೊಮ್ಮೆ ಇಲ್ಲಿ ಗುಡಿಗೆ ಬರೋ ಮಂದಿನೇ. ಈ ಗುರುವಾರ ನಿನ್ನ ದರ್ಶನ ತಗೋತಾರಂತ."

ದರ್ಶನ ಎಂಬ ಮಾತು ಕೇಳಿ ನಾನು ಹಿಂದೆ ತಿರುಗಿ ನೋಡಿದೆ. ಖೋಲಿಯಲ್ಲಿ ನಾವಿಬ್ಬರೇ ಇದ್ದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಸೊಲ್ಲಾಪುರದ ಚಾಟಿ ಗಲ್ಲಿಯ ನಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಕೂರುತ್ತಿದ್ದವನು ನಾನು. ಚಾದರದ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದರೆ ನೂಲಿನಲ್ಲಿ ಎಷ್ಟು ಮೋಸ ಇದೆ ಎಂದು ಹೇಳುತ್ತಿದ್ದೆ. ಆಗ ನನಗೆ ಮೂವತ್ತೈದು ವರ್ಷ. ಒಂದು ತಿಂಗಳಿಂದ ನಿದ್ದೆ ಬರುತ್ತಿರಲಿಲ್ಲ. ಯಾವುದೋ ಒಂದು ಚಾದರದಲ್ಲಿ ನನಗಾಗಿ ಒಂದು ಸಂದೇಶ ನೇಯ್ದಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಒಂದು ಮಧ್ಯಾಹ್ನ ಅಟ್ಟದ ಮೇಲಿದ್ದ ಆರುನೂರು ಚಾದರಗಳನ್ನೂ ಇಳಿಸಿ, ಒಂದೊಂದನ್ನೇ ಬಿಚ್ಚಿ, ತಿರುಗಿಸಿ ನೋಡತೊಡಗಿದೆ. ಗಿರಾಕಿಗಳು ಮೊದಲು ಸೇಲ್ ಹಾಕಿದ್ದೇವೆ ಎಂದುಕೊಂಡರು. ಸಂಜೆಯ ಹೊತ್ತಿಗೆ ಚಾದರಗಳು ರಸ್ತೆಯ ಆ ಕಡೆಯ ಅಂಗಡಿಯ ಮೆಟ್ಟಿಲ ತನಕ ಹೋಗಿದ್ದವು. ಅವನ್ನು ಮತ್ತೆ ಮಡಚಿಡಲು ನಾಲ್ಕು ದಿನ ಹಿಡಿಯಿತಂತೆ. ನಾನು ನೋಡಲಿಲ್ಲ, ಆಸ್ಪತ್ರೆಯಲ್ಲಿದ್ದೆ.

ನಲವತ್ತೇಳು ದಿನ ಅಲ್ಲಿದ್ದೆ. ಡಾಕ್ಟರು ನನ್ನ ಕಾಯಿಲೆಗೆ ಒಂದು ಹೆಸರು ಕೊಟ್ಟರು. ಮನೆಯವರು ಇನ್ನೊಂದು ಕೊಟ್ಟರು. "ಗುರುಶಾಂತ ಅಕ್ಕಲಕೋಟಕ್ಕ ಸೇವಾಕ್ಕ ಹೋಗ್ಯಾನ," ಎಂದು ನಮ್ಮ ಅವ್ವ ಅಕ್ಕನಾಗಮ್ಮ ಪಕ್ಕದ ಮನೆಯಲ್ಲಿ ಹೇಳಿದಳು. ಸಂಜೆಗೆ ಗಲ್ಲಿಗೆಲ್ಲ ಗೊತ್ತಾಯಿತು. ಇಬ್ಬರು ಹೆಂಗಸರು ಭಕ್ತಿಯಿಂದ ಅತ್ತರಂತೆ. ಮುಂದೆ ನಾನು ಆರಾಮಾಗಿ ಹೊರಗೆ ಬಂದಾಗ ತೊಂದರೆ ಶುರುವಾಯಿತು. ಅಕ್ಕಲಕೋಟೆಯಲ್ಲಿರುವ ಮನುಷ್ಯ ಸೊಲ್ಲಾಪುರದ ಆಸ್ಪತ್ರೆಯಿಂದ ಮನೆಗೆ ಬರುವುದು ಹೇಗೆ? ನಮ್ಮ ಮನೆಯವರು ಸುಳ್ಳು ಹೇಳುವವರಲ್ಲ. ಹೇಳಿದ್ದನ್ನು ಖರೆ ಮಾಡುವವರು. ಆಸ್ಪತ್ರೆಯ ಗೇಟಿನಿಂದ ಗಾಡಿ ನೇರ ಇಲ್ಲಿಗೆ ಬಂತು.

ಸಿಟ್ಟು ಬಂದಿತ್ತು. ಈಗಲೂ ಇದೆ. ಗುಳಿಗೆ ಶುರುವಾದ ಮೇಲೆ ಅದು ಪ್ಯಾಸೆಂಜರ್ ಗಾಡಿಯ ಹಾಗೆ ತಡವಾಗಿ ಬರುತ್ತದೆ, ಆದರೆ ಬರುತ್ತದೆ.

ಇಲ್ಲಿ ನನ್ನ ಕೆಲಸ ಯಾತ್ರಿಕರಿಗೆ ಚಾದರ ಕೊಡುವುದು, ಹೋಗುವಾಗ ತಿರುಗಿ ತೆಗೆದುಕೊಳ್ಳುವುದು, ಹರಿದದ್ದನ್ನು ಹೊಲಿಯುವುದು. ಮ್ಯಾನೇಜರ್ ಪೀರಪ್ಪ ಒಳ್ಳೆಯವನು, ಏನೂ ಕೇಳುವುದಿಲ್ಲ. ಎರಡು ತಿಂಗಳಿಗೊಮ್ಮೆ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಡಾಕ್ಟರ ಹತ್ತಿರ ಹೋಗುತ್ತೇನೆ. ಅವರ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಮನೋವಿಕಾರ ತಜ್ಞ ಎಂದು ಬರೆದಿರುವುದರಿಂದ ಮೊದಲು ಎಲ್ಲರೂ ಮುಖಕ್ಕೆ ಸೆರಗೋ ಟಾವೆಲೋ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಕರೋನಾ ಬಂದು ಮಾಸ್ಕ್ ಬಂತು. ಅದರಿಂದ ನಮ್ಮ ಡಾಕ್ಟರ ಪೇಶಂಟುಗಳಿಗಾದಷ್ಟು ಸಂತೋಷ ದೇಶದಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ. ಈಗಲೂ ಅಲ್ಲಿ ಎಲ್ಲರ ಮುಖದ ಮೇಲೂ ಅದು ಇದೆ. ಕೆಲಸ ಮುಗಿದ ಮೇಲೆ ಸಿದ್ಧರಾಮನ ಗುಡಿಗೆ ಹೋಗುತ್ತೇನೆ. ಅಲ್ಲಿಗೆ ಅವ್ವ ಬಂದಿರುತ್ತಾಳೆ. ಅರ್ಧ ತಾಸು ಕೆರೆಯ ಕಡೆ ಮುಖ ಮಾಡಿ ಕೂತು, ಅವಳು ತಂದ ಶೇಂಗಾ ಹೋಳಿಗೆ ತಿಂದು, ಅವಳು ಒಂದು ದಾರಿ ನಾನು ಒಂದು ದಾರಿ. ಅಲ್ಲಿಂದ ನಮ್ಮ ಮನೆ ನಡೆದು ಹೋದರೆ ಹದಿನೈದು ನಿಮಿಷ.

"ಎಂಟು ವರ್ಷದಿಂದ ನೀವು ಚೆನ್ನಾಗಿದ್ದೀರಿ. ಮನೆಗೆ ಯಾಕೆ ಹೋಗುವುದಿಲ್ಲ?" ಎಂದು ಡಾಕ್ಟರು ಮರಾಠಿಯಲ್ಲಿ ಪ್ರತಿ ಸಲ ಕೇಳುತ್ತಾರೆ. ಈ ಪ್ರಶ್ನೆಗೆ ಗುಳಿಗೆ ಇಲ್ಲ.

ನನಗೆ ಬೇಕಾದದ್ದು ಅದೊಂದೇ. ಗಾದಿಯ ಮೇಲೆ ಕೂತು ಗಿರಾಕಿಗೆ ಚಾದರ ಬಿಚ್ಚಿ ತೋರಿಸಬೇಕು. ಮಧ್ಯಾಹ್ನ ಮನೆಗೆ ಹೋಗಿ ಅವ್ವ ಬಡಿಸಿದ ರೊಟ್ಟಿ ತಿನ್ನಬೇಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗುರುಸಿದ್ಧನಿಗೆ ಮಾತ್ರ ಹೇಗೋ ಗೊತ್ತಿತ್ತು.

"ಲಗ್ನ ಒಂದು ಪಾರಾಗ್ಲಿ," ಎಂದ ಅವನು. "ಸೇವಾ ಸಂಪೂರ್ಣ ಆತು ಅಂತ ಹೇಳಿ ನಿನ್ನ ಮನಿಗೆ ಕರಕೊಂಡ ಹೋಗ್ತೀನಿ. ಗಾದಿ ಮ್ಯಾಲ ನೀನೇ ಕೂಡು. ಅವ್ವನ ಆಣಿ."

"ನಾ ಏನ್ ಮಾಡಬೇಕು?"

"ಏನೂ ಮಾಡಬ್ಯಾಡ. ಬಾಯಿ ತಗೀಬ್ಯಾಡ, ಅಷ್ಟ. ಗುರುವಾರ ಮೌನ ಇರತಾನ ಅಂತ ಹೇಳೀನಿ."

"ಯಾಕ?"

"ನೀ ಬಾಯಿ ತಗದ್ರ ಖರೇನೇ ಹೇಳ್ತಿ."

ಅವನು ಚೀಲದಿಂದ ಒಂದು ಬಿಳಿ ಅಂಗಿ, ಒಂದು ಧೋತರ ತೆಗೆದು ಚಾಪೆಯ ಮೇಲಿಟ್ಟ. ಇಸ್ತ್ರಿ ಮಾಡಿಸಿಕೊಂಡೇ ಬಂದಿದ್ದ.

ಗುರುವಾರ ಬೆಳಿಗ್ಗೆ ಅವರು ಬಂದರು. ಶಾಂತಲಿಂಗಪ್ಪ ಭಾರೀ ಆಳು, ಮೆಟ್ಟಿಲು ಹತ್ತಿ ಬಂದು ಬಹಳ ಹೊತ್ತು ಏದುಸಿರು ಬಿಟ್ಟ. ಅವನ ಹೆಂಡತಿ ಉಜ್ವಲಾ ಸಣಕಲಿ, ಚುರುಕು ಕಣ್ಣು, ಕೈಚೀಲವನ್ನು ಹೊಟ್ಟೆಗೆ ಅವಚಿ ಹಿಡಿದುಕೊಂಡೇ ನಮಸ್ಕಾರ ಮಾಡಿದಳು. ಪೀರಪ್ಪ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಖೋಲಿಗೆ ತಂದು, ಒಂದು ಚಾದರ ಹಾಸಿ ನನ್ನನ್ನು ಕೂರಿಸಿದ್ದ.

ಗುಳಿಗೆಯಿಂದ ನನ್ನ ಕೈ ನಡುಗುತ್ತದೆ. ಕಲ್ಲುಸಕ್ಕರೆ ಕೊಡುವಾಗ ಎರಡು ಹರಳು ಶಾಂತಲಿಂಗಪ್ಪನ ಅಂಗೈಯಲ್ಲಿ ಬಿದ್ದವು, ಒಂದು ನೆಲಕ್ಕೆ. ಅವನು ಮೊದಲು ನೆಲದ್ದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡ. "ಕೈಯಾಗಿಂದ ಶಕ್ತಿ ಹೊರಗ ಬರಾಕತ್ತದ ನೋಡು, ತಡಕೊಳ್ಳಾಕ ಆಗವಲ್ದು ಅವರಿಗೆ," ಎಂದು ಹೆಂಡತಿಗೆ ಹೇಳಿದ. ಗುಳಿಗೆಯಿಂದ ನನ್ನ ಬಾಯಿಯೂ ಒಣಗುತ್ತದೆ, ಮೇಲಿಂದ ಮೇಲೆ ನೀರು ಕುಡಿಯುತ್ತೇನೆ. ಲೋಟದಲ್ಲಿ ಉಳಿದದ್ದನ್ನು ಅವರು ತೀರ್ಥ ಎಂದು ತೆಗೆದುಕೊಂಡರು. ಉಜ್ವಲಾ ಶಾಲು ಹೊದಿಸಿದಳು. ಹಳೆಯ ಚಟ, ಅಂಚನ್ನು ತಿರುಗಿಸಿ ಹೆಬ್ಬೆರಳಿನಿಂದ ತಿಕ್ಕಿದೆ. ಮೂರನೆಯ ದರ್ಜೆಯ ಮಾಲು. ನನ್ನ ಹುಬ್ಬು ತಾನಾಗಿ ಗಂಟಿಕ್ಕಿತು. ಉಜ್ವಲಾಳ ಮುಖ ಬಿಳಿಚಿತು.

"ದೊಡ್ಡದು ತರಬೇಕಂತ ಮಾಡಿದ್ದೆ, ಅಂಗಡಿಗೆ ಹೋದ ಮ್ಯಾಲ ಮನಸ್ಸು ಸಣ್ಣದಾತು," ಎಂದು ಗಂಡನ ಕಿವಿಯಲ್ಲಿ ಹೇಳಿದಳು. "ಅವರಿಗೆ ಹೆಂಗ ತಿಳೀತು ನೋಡ್ರಿ."

ಹೋಗುವಾಗ ಇಬ್ಬರೂ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದರು. ಶಾಂತಲಿಂಗಪ್ಪ ಹೊಸ್ತಿಲು ಎಡವಿದ.

ಆ ಸಂಜೆ ಶೀತಲ ಫೋನ್ ಮಾಡಿದಳು. ನಾನು ಆಸ್ಪತ್ರೆಗೆ ಹೋದಾಗ ಅವಳು ಹದಿಮೂರರವಳು. ನಮ್ಮ ಮನೆಯಲ್ಲಿ ಗುಳಿಗೆ ಎಂಬ ಶಬ್ದ ಬಾಯಿಬಿಟ್ಟು ಹೇಳುವವಳು ಅವಳೊಬ್ಬಳೇ. ಉಳಿದವರು "ಅದು" ಎನ್ನುತ್ತಾರೆ. ಅದು ತಗೊಂಡ್ಯಾ, ಅದು ಅದನೋ ತೀರೇತೋ.

"ದೊಡ್ಡಪ್ಪ, ನೀವು ಯಾಕ ಹ್ಞೂಂ ಅಂದ್ರಿ?" ಎಂದಳು. "ನಾ ಶೈಲೇಶಗ ಖರೇ ಹೇಳಿ ಬಿಡ್ತೀನಿ. ಮಾಡಕೊಂಡ್ರ ಮಾಡಕೊಳ್ಳಲಿ, ಬಿಟ್ರ ಬಿಡಲಿ."

"ಹೇಳಬ್ಯಾಡ."

"ಯಾಕ?"

"ನನಗ ಮನಿಗೆ ಬರೋದದವ್ವಾ."

ಆಮೇಲೆ, "ಗುಳಿಗಿ ತಗೊಂಡ್ರಿ?" ಎಂದಳು. ತಗೊಂಡೆ ಎಂದೆ. ಅವಳ ಮದುವೆ ಮುರಿಯಬಾರದು ಎಂದೂ ನನಗಿತ್ತು, ಆದರೆ ಬಾಯಿಗೆ ಮೊದಲು ಬಂದದ್ದು ನನ್ನದೇ. ಅದನ್ನು ಮುಚ್ಚಿಡುವುದಿಲ್ಲ.

ಶಾಂತಲಿಂಗಪ್ಪನ ಬಾಯಿ ದೊಡ್ಡದು. ಮೂರನೆಯ ಗುರುವಾರಕ್ಕೆ ಬಟ್ಟೆ ತೊಳೆಯುವ ಕಲ್ಲಿನ ತನಕ ಸಾಲು ನಿಂತಿತು. ಪೀರಪ್ಪ ಚಪ್ಪಲಿ ಬಿಡುವ ಜಾಗಕ್ಕೆ ಸುಣ್ಣದ ಗೆರೆ ಎಳೆದ. ಒಬ್ಬನ ಮಗ ಪರೀಕ್ಷೆಯಲ್ಲಿ ಕೂತಿದ್ದ, ಒಬ್ಬಳ ಸೊಸೆ ತವರಿನಲ್ಲಿ ಕೂತಿದ್ದಳು. ಸಲಗರ ಬುದ್ರುಕದ ಅಣ್ಣಾರಾಯ ಎಂಬ ಕುರಿಗಾರ ತನ್ನ ಟಗರು ಮೇವು ಬಿಟ್ಟಿದೆ ಎಂದ. ನಾನು ಎಲ್ಲರನ್ನೂ ಒಂದೇ ರೀತಿ ನೋಡಿ ಸುಮ್ಮನಿದ್ದೆ. ಏನೂ ಹೇಳದವನ ಸಲಹೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಮುಂದಿನ ವಾರ ಅಣ್ಣಾರಾಯ ಮತ್ತೆ ಬಂದ. ಟಗರು ತಿನ್ನಲು ಶುರು ಮಾಡಿತಂತೆ. ಒಂದು ಕಂಬಳಿ ಕೊಟ್ಟು ಹೋದ. ಆ ಕಂಬಳಿ ಮಾತ್ರ ಒಂದನೇ ನಂಬರ್ ಮಾಲು.

ಇವರಲ್ಲಿ ಯಾರ ಮೇಲೂ ನನಗೆ ಸಿಟ್ಟಿರಲಿಲ್ಲ. ಒಂದನ್ನು ಮಾತ್ರ ಮರೆತಿರಲಿಲ್ಲ. ಇದೇ ಕೈ ನಡುಗುತ್ತದೆ ಎಂದು ಹನ್ನೊಂದು ವರ್ಷದ ಹಿಂದೆ ನಮ್ಮ ಸ್ವಂತ ಸೋದರಮಾವ ನನ್ನ ಕೈಯಿಂದ ನೀರು ತೆಗೆದುಕೊಂಡಿರಲಿಲ್ಲ.

ಲಗ್ನಕ್ಕೆ ಎರಡು ವಾರ ಉಳಿದಾಗ, ಐದನೆಯ ಗುರುವಾರ, ಉಜ್ವಲಾ ಬೆಳಿಗ್ಗೆ ಏಳಕ್ಕೇ ಬಂದಳು. ಗಂಡ ಬಂದಿರಲಿಲ್ಲ. ಜೊತೆಗೆ ಮಾಸ್ಕ್ ಹಾಕಿಕೊಂಡ ಒಬ್ಬ ಹುಡುಗಿ ಇದ್ದಳು. ಉಜ್ವಲಾ ಖೋಲಿಯ ಬಾಗಿಲು ಮುಂದೆ ಮಾಡಿ ನೆಲದ ಮೇಲೆ ಕೂತಳು.

"ಈಕಿ ಶೈಲಶ್ರೀ. ನನ್ನ ಮಗಳು," ಎಂದಳು. "ಶೈಲೇಶನ ತಂಗಿ. ಪುಣೆದಾಗ ಓದಾಕತ್ತಾಳ ಅಂತ ನಿಮ್ಮ ತಮ್ಮಗ ಹೇಳೀವಿ. ಓದಾಕತ್ತಿಲ್ಲ. ಎರಡು ವರ್ಷಾತು, ನಮ್ಮ ಮ್ಯಾಲಿನ ಖೋಲ್ಯಾಗ ಅದಾಳ."

ನಾನು ಸುಮ್ಮನಿದ್ದೆ. ಗುರುವಾರ.

"ಪುಣೆದಾಗ ಇದ್ದಾಗೇ ಶುರು ಆತ್ರಿ. ಎದುರ ಮನಿ ಮಂದಿ ದಿನಾ ತನ್ನ ಬಗ್ಗೆ ಮಾತಾಡ್ತಾರ ಅಂತಿದ್ಲು. ಹೋಗಿ ನೋಡಿದ್ರ ಎದುರ ಮನಿಗೆ ಮೂರು ವರ್ಷದಿಂದ ಕೀಲಿ. ವರ್ಷದ ಮ್ಯಾಲ ಹಂಗೇ ಮನ್ಯಾಗ ಇಟ್ವಿ, ಆಮ್ಯಾಲ ಪುಣೆಕ್ಕೇ ಒಯ್ದು ಒಬ್ಬರು ಡಾಕ್ಟರಿಗೆ ತೋರಿಸಿದ್ವಿ. ಈಗ ಎಂಟು ತಿಂಗಳಾತು ಗುಳಿಗಿ ಚಾಲೂ ಅದ. ಆರಾಮ ಅದಾಳ. ಉಣತಾಳ, ನಿದ್ದಿ ಮಾಡ್ತಾಳ. ಮೊನ್ನೆ ಟೀವಿ ನೋಡಿ ನಕ್ಕಳು." ಇಷ್ಟು ಹೇಳಿ ಉಜ್ವಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆರಾಮ ಆದ ಮ್ಯಾಲ ಗುಳಿಗಿ ಯಾಕ್ರಿ? ಲಗ್ನಕ್ಕ ಮನಿ ತುಂಬ ಪಾವಣ್ಯಾರು ಬರತಾರ. ಮ್ಯಾಲಿನ ಖೋಲ್ಯಾಗೇ ಮಲಗತಾರ. ಯಾರರ ನೋಡಿದ್ರ? ನಾಳೆ ಈಕಿದೂ ಲಗ್ನ ಮಾಡಬೇಕು. ಗುಳಿಗಿ ನುಂಗೋ ಹುಡುಗಿನ್ನ ಯಾರು ಮಾಡಕೋತಾರ್ರಿ?"

ಅವಳು ಚೀಲ ಬಿಚ್ಚಿ ನನ್ನ ಧೋತರದ ಮಡಿಲಿಗೆ ಸುರಿದಳು. ಎಂಟೋ ಒಂಬತ್ತೋ ಗುಳಿಗೆಯ ಪಟ್ಟಿಗಳು.

"ಇವನ್ನ ನಿಮ್ಮ ಉಡಿಯಾಗ ಹಾಕೀನಿ. ಇವತ್ತಿನಿಂದ ಬಂದ್. ಈಕಿ ತಲಿ ಮ್ಯಾಲ ಒಮ್ಮೆ ಕೈ ಇಡ್ರಿ. ಮುಂದಿಂದು ನಿಮಗ ಬಿಟ್ಟದ್ದು."

ಪಟ್ಟಿಗಳನ್ನು ನೋಡಿದೆ. ಅದೇ ಕಂಪನಿ, ಅದೇ ಗುಳಿಗೆ. ಇಂಥದೇ ಒಂದು ಪಟ್ಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಹುಡುಗಿ ಮಾಸ್ಕ್ ಇಳಿಸಿ ಕೂತಿದ್ದಳು. ಇಪ್ಪತ್ತಮೂರಿರಬಹುದು. ಎರಡೂ ಕೈ ಜೋಡಿಸಿ ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಳು. ಯಾಕೆ ಹಾಗೆ ಹಿಡಿಯುತ್ತಾರೆ ಎಂದು ನನಗೆ ಗೊತ್ತು. ನಡುಕ ಕಾಣಬಾರದು ಎಂದು.

ಅಕ್ಕಲಕೋಟೆಗೆ ಬಂದ ಮೂರನೆಯ ವರ್ಷ ಒಬ್ಬ ಯಾತ್ರಿಕ, ಇಂಥ ಜಾಗದಲ್ಲಿದ್ದು ಗುಳಿಗೆ ಯಾಕೆ ಬೇಕು ಎಂದಿದ್ದ. ನಾನು ಬಿಟ್ಟೆ. ಹನ್ನೆರಡು ದಿನ ಬಹಳ ಚೆನ್ನಾಗಿತ್ತು. ಕೈ ನಡುಗಲಿಲ್ಲ, ಬಾಯಿ ಒಣಗಲಿಲ್ಲ. ಹದಿಮೂರನೆಯ ದಿನ ಅಂಗಡಿಯ ಚಾದರಗಳು ಕರೆದವು ಎಂದು ರೈಲು ಹಳಿ ಹಿಡಿದು ಸೊಲ್ಲಾಪುರದ ಕಡೆ ನಡೆಯತೊಡಗಿದೆ. ದಾರಿಯಲ್ಲಿ ಎಲ್ಲೆಲ್ಲೋ ಅಲೆದು ನಾಲ್ಕನೆಯ ದಿನ ಹೋಟಗಿ ಜಂಕ್ಷನ್ನಿನಲ್ಲಿ ಸಿಕ್ಕೆನಂತೆ. ಕಾಲಿನಿಂದ ರಕ್ತ ಸುರಿಯುತ್ತಿತ್ತು, ನಾನು ಪ್ಲಾಟ್‌ಫಾರ್ಮಿನ ಮಂದಿಗೆ ಗೂಡ್ಸ್ ಗಾಡಿಗಳ ಅರ್ಥ ಬಿಡಿಸಿ ಹೇಳುತ್ತಿದ್ದೆನಂತೆ. ರೈಲ್ವೆಯವರೇ ಚಹಾ ಕೊಟ್ಟು, ಮನೆಗೆ ಫೋನ್ ಮಾಡಿದರು. ಪಾದಯಾತ್ರೆ ಹೊರಟಿದ್ದ ಎಂದು ಗುರುಸಿದ್ಧ ಊರಿಗೆ ಹೇಳಿದ.

ಈಗ ನಾನು ಮನೆಗೆ ಹೋಗಲು ಮಾಡಬೇಕಾದದ್ದು ಬಹಳ ಸಣ್ಣದು. ಒಂದು ಕೈ ಎತ್ತಿ ಒಂದು ತಲೆಯ ಮೇಲೆ ಇಡುವುದು, ಇನ್ನೆರಡು ವಾರ ಸುಮ್ಮನಿರುವುದು. ಕೈಯನ್ನು ಅರ್ಧ ಎತ್ತಿಯೂ ಇದ್ದೆ. ಹುಡುಗಿ ನನ್ನ ಕೈಯ ನಡುಕವನ್ನೇ ನೋಡುತ್ತಿದ್ದಳು. ಉಳಿದವರು ನೋಡುವ ಹಾಗೆ ಅಲ್ಲ.

"ಊಟದ ಮೊದಲೋ, ಆದ ಮ್ಯಾಲೋ?" ಎಂದು ಅವಳನ್ನು ಕೇಳಿದೆ.

ಉಜ್ವಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಅವಸರ ಮಾಡಲಿಲ್ಲ.

"ಆದ ಮ್ಯಾಲ್ರಿ," ಎಂದಳು.

"ನಂದೂ ಆದ ಮ್ಯಾಲ."

ಜೇಬಿನಿಂದ ನನ್ನ ಪಟ್ಟಿ ತೆಗೆದು ಅವಳ ಪಟ್ಟಿಗಳ ಪಕ್ಕಕ್ಕೆ ಇಟ್ಟೆ. ಬಾಯಿ ತೆಗೆದದ್ದಾಗಿತ್ತು, ಎಲ್ಲವನ್ನೂ ಹೇಳಿದೆ. ಆರುನೂರು ಚಾದರ, ನಲವತ್ತೇಳು ದಿನ, ಹೋಟಗಿ, ಎಲ್ಲ. "ನಾ ಸಾಧು ಅಲ್ರಿ, ನಾ ಪೇಶಂಟ್," ಎಂದೆ. "ಆರಾಮ ಆಗಿದ್ದು ಗುಳಿಗಿಯಿಂದ. ಬಿಟ್ರ ಹೋತು. ನನ್ನ ಮಾತು ಕೇಳ್ರಿ."

ಉಜ್ವಲಾ ಕೈ ಮುಗಿದುಕೊಂಡೇ ಎಲ್ಲ ಕೇಳಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ತಿಳಿಯಿತು ಎಂದುಕೊಂಡೆ.

"ನೋಡು ಶೈಲಾ," ಎಂದಳು ಮಗಳಿಗೆ. "ನಿನ್ನ ಬ್ಯಾನಿ ತಮ್ಮ ಮೈಮ್ಯಾಲ ತಗೊಂಡು ಮಾತಾಡಾಕತ್ತಾರ. ಅಂಥ ದೊಡ್ಡವರು ತಮಗ ತಾವೇ ಪೇಶಂಟ್ ಅಂತಾರ."

ನಾನು ಎದ್ದು ಟ್ರಂಕಿನಿಂದ ಡಾಕ್ಟರ ಫೈಲ್ ತೆಗೆದು ಅವಳ ಮುಂದೆ ಇಟ್ಟೆ. ಅದರಲ್ಲಿ ನನ್ನ ಹೆಸರು, ವಯಸ್ಸು, ಕಾಯಿಲೆ, ಡಾಕ್ಟರ ಸಹಿ, ಸಿಕ್ಕಾ ಎಲ್ಲ ಇದ್ದವು. ಅವಳು ಅದನ್ನು ಎರಡೂ ಕೈಯಿಂದ ಎತ್ತಿ, ತೆರೆಯದೆ, ಕಣ್ಣಿಗೆ ಒತ್ತಿಕೊಂಡು ಮಗಳ ಕೈಗೆ ಕೊಟ್ಟಳು. ಮಗಳು ತೆರೆದಳು. ಒಂದೊಂದೇ ಹಾಳೆ ತಿರುಗಿಸಿ ಓದಿದಳು.

"ನಿಮ್ಮ ಡೋಸ್ ನಂದಕ್ಕಿಂತ ಡಬಲ್ ಅದ," ಎಂದಳು. ಅವಳ ತುಟಿಯ ಒಂದು ಮೂಲೆ ಮೇಲೆ ಹೋಯಿತು. ಅದು ನಗು ಎಂದು ನಂತರ ಗೊತ್ತಾಯಿತು.

ಈ ಸಲ ಸಿಟ್ಟು ತಡ ಮಾಡದೆ ಬಂತು. ಉಜ್ವಲಾಳ ಭುಜ ಹಿಡಿದು ಅಲುಗಾಡಿಸಿ, ಅವಳಿಗೆ ಅರ್ಥವಾಗುವ ತನಕ ಕೂಗಿ ಹೇಳಬೇಕು ಎನ್ನಿಸಿತು. ಬಾಯಿಯನ್ನೂ ತೆರೆದೆ. ಆಗ ಒಂದು ವಿಷಯ ಹೊಳೆಯಿತು. ಅವಳಿಗೆ ಅರ್ಥವಾಯಿತು ಎಂದೇ ಇಟ್ಟುಕೊಳ್ಳೋಣ. ಆಗ ನಾನು ಯಾರು? ಒಬ್ಬ ಹುಚ್ಚ. ಗುಳಿಗೆ ಬಿಡಬೇಡ ಎಂದು ಇನ್ನೊಬ್ಬಳಿಗೆ ಹೇಳಿದ ಹುಚ್ಚ. ಅವನ ಮಾತನ್ನು ಯಾವ ತಾಯಿ ಕೇಳುತ್ತಾಳೆ? ಈ ಪಟ್ಟಿಗಳು ಸೊಲ್ಲಾಪುರ ಮುಟ್ಟುವ ಮೊದಲೇ ಗಾಡಿಯ ಕಿಟಕಿಯಿಂದ ಹೊರಗೆ ಹೋಗುತ್ತವೆ. ಅವಳು ಕೇಳುವುದು ಕುರ್ಚಿಯ ಮೇಲಿದ್ದವನ ಮಾತನ್ನು ಮಾತ್ರ.

ಬಾಯಿ ಮುಚ್ಚಿದೆ. ತಿರುಗಿ ಹೋಗಿ ಕುರ್ಚಿಯ ಮೇಲೆ ಕೂತೆ. ಒಂದು ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದು ಶೈಲಶ್ರೀಯ ಅಂಗೈಯಲ್ಲಿಟ್ಟೆ. ಉಳಿದವನ್ನು ಅವಳ ಮಡಿಲಿಗೆ ಹಾಕಿದೆ. ಇನ್ನೊಂದು ಕೈಯಿಂದ ಅವಳ ತಾಯಿಗೆ ಕಾಣುವ ಹಾಗೆ ಅವಳ ತಲೆ ಮುಟ್ಟಿದೆ.

"ಅಪ್ಪಣಿ ಆತು," ಎಂದಳು ಉಜ್ವಲಾ. "ದಿನಾ ಕೊಡಬೇಕೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಎಲ್ಲಿ ತನಾ?"

ಡಾಕ್ಟರನ್ನು ಕೇಳಬೇಕು ಎಂದು ಕೈಸನ್ನೆಯಲ್ಲಿ ಹೇಳುವುದು ಹೇಗೆ ಎಂದು ತಿಳಿಯಲಿಲ್ಲ. ಡಾಕ್ಟರ ಕೊರಳಲ್ಲಿ ತೂಗುವ ನಳಿಗೆಯನ್ನು ಕಿವಿಯಿಂದ ಎದೆಯ ತನಕ ಬೆರಳಿನಿಂದ ಎಳೆದು ತೋರಿಸಿದೆ. ಉಜ್ವಲಾ ನನ್ನ ಎದೆಯನ್ನೇ ಭಕ್ತಿಯಿಂದ ನೋಡಿದಳು.

"ಡಾಕ್ಟರ ಸಾಕು ಅನ್ನೋ ತನಾ ಅಂತ, ಆಯಿ," ಎಂದಳು ಶೈಲಶ್ರೀ. "ಪ್ರತಿ ಗುರುವಾರ ಇಲ್ಲಿಗೂ ಬರಬೇಕಂತ."

ಕೊನೆಯದನ್ನು ನಾನು ಹೇಳಿರಲಿಲ್ಲ.

ಲಗ್ನ ಹೋಟಗಿ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ನನ್ನನ್ನು ವೇದಿಕೆಯ ಮೇಲೆ ಹಾರ ಹಾಕಿ ಕೂರಿಸಿದರು. ಹನ್ನೊಂದು ವರ್ಷದ ಮೇಲೆ ನಮ್ಮ ಬಳಗವನ್ನೆಲ್ಲ ಒಟ್ಟಿಗೆ ನೋಡಿದೆ. ಎಲ್ಲರೂ ನನ್ನ ಕಾಲು ಮುಟ್ಟಿದರು, ಯಾರೂ ಊಟವಾಯಿತೇ ಎಂದು ಕೇಳಲಿಲ್ಲ. ಸೋದರಮಾವ ನನ್ನ ಲೋಟದ ನೀರಿಗೆ ಕೈ ಚಾಚಿದ, ಕೊಟ್ಟೆ. ಅವ್ವ ಹತ್ತಿರ ಬರಲು ಜಾಗ ಸಿಗದೆ ಸಾಲಿನಲ್ಲಿ ನಿಂತಳು. ಅವಳಿಗೆ ಎಪ್ಪತ್ತನಾಲ್ಕು. ಪಾಳಿ ಬಂದಾಗ ಬಗ್ಗಿದ ಹಾಗೆ ಮಾಡಿ ನನ್ನ ಮೊಣಕಾಲು ಹಿಸುಕಿದಳು.

"ಬುಧವಾರ ಮನಿಗೆ ಬರತಿಯಲ್ಲ? ಹೂರಣ ಹಾಕ್ತೀನಿ," ಎಂದಳು.

ಹಿಂದಿನವರು ದೂಡಿದರು. ಅವಳು ಮುಂದೆ ಹೋದಳು.

ಮಂಗಳವಾರ ಶೀತಲ ಗಂಡನ ಮನೆಯಿಂದ ಫೋನ್ ಮಾಡಿದಳು. "ನಾಳೆ ಮನಿಗೆ ಹೋಗ್ತೀರಂತಲ್ಲ ದೊಡ್ಡಪ್ಪ," ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ನಾನು ಶೈಲಶ್ರೀಯ ಬಗ್ಗೆ ಕೇಳಿದೆ. ಅತ್ತೆ ಗುಳಿಗೆಯನ್ನು ದೇವರ ಜಗುಲಿಯ ಮೇಲಿಟ್ಟು, ಊದುಬತ್ತಿ ಬೆಳಗಿ, ಆಮೇಲೆ ಮಗಳ ಬಾಯಿಗೆ ಹಾಕುತ್ತಾಳಂತೆ. ಪಾವಣ್ಯಾರ ಎದುರಿಗೇ. ಏನದು ಎಂದು ಯಾರೋ ಕೇಳಿದರೆ ಅಕ್ಕಲಕೋಟೆಯದು ಎಂದಳಂತೆ. ಒಂದು ದಿನವೂ ತಪ್ಪಿಲ್ಲ.

"ನಾ ಕುರ್ಚಿ ಬಿಟ್ಟು ಗಾದಿ ಮ್ಯಾಲ ಕೂತ್ರ ಆಕಿ ಗುಳಿಗಿ ನಿಲ್ತದ," ಎಂದೆ. "ನೀ ಹೇಳಿದ್ರ ಕೇಳತಾಳೇನು ನಿಮ್ಮತ್ತಿ?"

"ನಾ ಬಂದು ನಾಕ ದಿನಾ ಆಗಿಲ್ಲ ದೊಡ್ಡಪ್ಪ," ಎಂದಳು.

ಬುಧವಾರ ಗುರುಸಿದ್ಧ ಹೇಳಿದ ಮಾತಿನಂತೆ ಬಂದ. ಅವನು ಬರಲಾರ ಎಂದೇ ನಾನು ಒಳಗೊಳಗೆ ನಂಬಿದ್ದೆ, ಹಾಗಾದರೆ ಸಿಟ್ಟು ಮಾಡಿಕೊಂಡು ಇಲ್ಲೇ ಉಳಿಯುವುದು ಸುಲಭವಿತ್ತು. ಗಾಡಿ ತೊಳೆಸಿಕೊಂಡು ಬಂದಿದ್ದ. ಗಾದಿಗೆ ಹೊಸ ಹತ್ತಿ ತುಂಬಿಸಿದ್ದಾನಂತೆ, ನನ್ನ ಖೋಲಿಗೆ ಬಣ್ಣ ಹಚ್ಚಿಸಿದ್ದಾನಂತೆ. ಟ್ರಂಕ್ ಎತ್ತಲು ಬಗ್ಗಿದ.

"ಇರಲಿ ಬಿಡು," ಎಂದೆ. "ನಾ ಬರೂದಿಲ್ಲ."

ಕಾರಣ ಹೇಳಿದೆ. ಅವನು ಟ್ರಂಕಿನ ಮೇಲೆ ಕೂತು ಕೇಳಿದ. ಬೀಗರ ಮಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ಮೊದಲು ನಮಗೆ ಮೋಸ ಮಾಡಿದರು ಎಂದ. ಆಮೇಲೆ ತಾನು ಏನು ಹೇಳಿದೆ ಎಂದು ತನಗೇ ಕೇಳಿಸಿರಬೇಕು, ನೆಲ ನೋಡಿದ.

"ಡಾಕ್ಟರ ಎಷ್ಟು ದಿನಾ ಅಂತಾರ?"

"ಎರಡು ಮೂರು ವರ್ಷರ ಬೇಕು. ಮುಂದ ನೋಡಬೇಕು."

"ಅವರ ಮಗಳ ಸಲುವಾಗಿ ನೀ ಯಾಕ ಇಲ್ಲಿ ಕೊಳೀಬೇಕು ಅಣ್ಣಾ?" ಎಂದ. "ಅವ್ವ ಬೆಳಿಗ್ಗೆ ಎದ್ದು ಬ್ಯಾಳಿ ಕುದಿಸ್ಯಾಳ."

"ಡಬ್ಬ್ಯಾಗ ಹಾಕಿ ಕಳಸು."

ನಾನು ಇದನ್ನು ಬಹಳ ಗಟ್ಟಿ ಮನಸ್ಸಿನಿಂದ ಹೇಳಿದೆ ಎಂದು ತಿಳಿಯಬೇಡಿ. ನನಗೆ ಹೋಗಬೇಕಿತ್ತು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನು ಒಮ್ಮೆ ತಿರುಗಿ ಬಂದು ಕರೆದರೆ ಹತ್ತಿ ಕೂರುವುದು ಎಂದು ಅಂಗಳದಲ್ಲಿ ನಿಂತೇ ಇದ್ದೆ. ಬರಲಿಲ್ಲ. ಪೀರಪ್ಪ ಬಂದು ಎಂಟು ಚಾದರ ಬೇಕೆಂದ, ಒಳಗೆ ಹೋದೆ.

ಮರುದಿನ ಗುರುವಾರ. ಸಾಲು ಉದ್ದವಿತ್ತು. ಉಜ್ವಲಾ ಮಗಳನ್ನು ಮುಂದೆ ಕಳಿಸಿ ತಾನು ಕೈ ಮುಗಿದು ಹಿಂದೆ ನಿಂತಳು. ಶೈಲಶ್ರೀ ಮಾಸ್ಕ್ ಹಾಕಿರಲಿಲ್ಲ. ನಾನು ಕೊಟ್ಟ ಗುಳಿಗೆಯನ್ನು ನುಂಗಿ, ನೀರು ಕುಡಿದು, ನಮಸ್ಕಾರಕ್ಕೆ ಬಗ್ಗಿದವಳು ಅಲ್ಲೇ ತಡೆದಳು.

"ನೀವು ನಿನ್ನೆ ಮನಿಗೆ ಹೋಗವ್ರು ಇದ್ರಂತ," ಎಂದಳು ಸಣ್ಣ ದನಿಯಲ್ಲಿ. "ಶೀತಲ ವೈನಿ ಹೇಳಿದ್ಲು."

ನಾನು ಮೌನದಲ್ಲಿದ್ದೆ. ಕಣ್ಣಲ್ಲಿ ನೀರು ಬಂತು, ತಡೆಯಲು ಆಗಲಿಲ್ಲ. ಸಾಲಿನಲ್ಲಿದ್ದವರು ಅದನ್ನು ನೋಡಿ ಒಬ್ಬೊಬ್ಬರಾಗಿ ಕೈ ಮುಗಿದರು. ಹಿಂದೆ ಯಾರೋ ಜಯಕಾರ ಹಾಕಿದರು. ಎಲ್ಲರೂ ತಲೆ ತಗ್ಗಿಸಿದರು.

ಆ ಗದ್ದಲದಲ್ಲಿ ಶೈಲಶ್ರೀ ನನ್ನ ಜೇಬಿಗೆ ಕೈ ಹಾಕಿ ಪಟ್ಟಿ ತೆಗೆದಳು. ನನ್ನ ಬೆಳಗಿನ ಗುಳಿಗೆಯನ್ನು ಒತ್ತಿ ತೆಗೆದು ನನ್ನ ಅಂಗೈಯಲ್ಲಿಟ್ಟು, ತಾನು ಕುಡಿದು ಉಳಿಸಿದ್ದ ನೀರಿನ ಲೋಟ ಕೊಟ್ಟಳು. ಅವಳ ಕೈ ನಡುಗುತ್ತಿತ್ತು, ನನ್ನದೂ. ನೀರು ಇಬ್ಬರ ಮೇಲೂ ಚೆಲ್ಲಿತು. ನಾನು ನುಂಗಿದೆ.

"ಬಾಯಿ ತಗೀರಿ," ಎಂದಳು ಅವಳು, ಆಸ್ಪತ್ರೆಯ ನರ್ಸುಗಳು ಹೇಳುವ ದನಿಯಲ್ಲೇ. "ನುಂಗೀರೋ ಇಲ್ಲೋ ನೋಡ್ತೀನಿ."

ನಾನು ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದೆ.